ತಾತನ ಬೆನ್ನುನೋವಿನ ವರ್ಷ

ಅಡುಗೆಮನೆಯ ಮೇಜಿನಿಂದ,
ಭಾನುವಾರ, ಹದಿನಾಲ್ಕನೇ ತಾರೀಖು, ಬೆಳಗ್ಗೆ ಏಳೂವರೆ

ಪ್ರೀತಿಯ ಪಿಟೀಲು,

ಹೇಗಿದ್ದೀಯ ಮಗಳೇ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ಕಾಲುನೋವು ಹೇಗಿದೆ? ವಾರ್ಡಿನಲ್ಲಿ ದಿನವಿಡೀ ನಿಂತೇ ಇರಬೇಕು ಎಂದು ಹಿಂದಿನ ಸಲ ಹೇಳಿದ್ದೆ. ಮೆತ್ತನೆಯ ಅಡಿಯ ಶೂ ಕೊಂಡುಕೋ ಎಂದು ನಾನು ಅಂದದ್ದು ನಿನ್ನ ಕಿವಿಗೆ ಬಿದ್ದಿರಲಿಕ್ಕಿಲ್ಲ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ನಿನ್ನ ಅಜ್ಜಿಗೆ ಮನೆಯ ಮೂಲೆಮೂಲೆಯ ಧೂಳೂ ಕಾಣತೊಡಗಿದೆ. ಅದರ ಫಲ ಉಣ್ಣುತ್ತಿರುವವನು ನಾನು, ದಿನಾ ಸ್ಟೂಲು ಹತ್ತಿ ಇಳಿದು ಸಾಕಾಗಿದೆ. ನೀನು ಹುಟ್ಟಿದ ವಾರವೇ ನಿನಗೆ ಪಿಟೀಲು ಎಂದು ಹೆಸರಿಟ್ಟವಳೂ ಅವಳೇ. ಅಳುವುದಕ್ಕೆ ಶುರು ಮಾಡಿದರೆ ಮೇಲಿನ ಸ್ವರದಿಂದ ಕೆಳಗೆ ಇಳಿಯುತ್ತಲೇ ಇರಲಿಲ್ಲ ನೀನು.

ನಿನ್ನ ಕಾಗದ ಶುಕ್ರವಾರ ಬಂತು. ಓದಿದ ಕೂಡಲೇ ಹಾಸ್ಟೆಲಿಗೆ ಫೋನ್ ಮಾಡಿದೆ. 'ಡ್ಯೂಟಿಗೆ ಹೊರಟಿದೀನಿ ತಾತ, ಎಲ್ಲಾ ಸರಿಯಾಗಿದೆ, ಆಮೇಲೆ ಮಾತಾಡ್ತೀನಿ' ಎಂದು ಇಟ್ಟುಬಿಟ್ಟೆ. ನಿನ್ನೆಯೂ ಅದೇ ಪಾಠ. ನನಗೂ ಫೋನಿನಲ್ಲಿ ಇಂಥ ಮಾತು ಬಾಯಿಗೆ ಬರುವುದಿಲ್ಲ, 'ಹಾಂ, ಹೂಂ' ಅಂದುಕೊಂಡೇ ಮುಗಿಸುತ್ತೇನೆ. ಅದಕ್ಕೇ ಬರೆಯಲು ಕೂತೆ. ನಮ್ಮ ಹಳೇ ಡಿಪೋದ ಡ್ರೈವರೊಬ್ಬ ಹನ್ನೊಂದು ಗಂಟೆಯ ಬಸ್ಸನ್ನು ನೀನಿರುವ ಊರಿಗೆ ಒಯ್ಯುತ್ತಾನೆ. ಅವನ ಕೈಯಲ್ಲಿ ಕೊಟ್ಟರೆ ಸಂಜೆಯೊಳಗೆ ನಿನ್ನ ಗೇಟಿನಲ್ಲಿ ತಲುಪಿಸುತ್ತಾನೆ. ಅಂಚೆಗೆ ಹಾಕಿ ಕಾಯುವಷ್ಟು ತಾಳ್ಮೆ ನನಗಿಲ್ಲ.

ಕಾಗದದಲ್ಲಿ ನಿನ್ನ ಕೋಣೆಯ ಗೆಳತಿಯ ವಿಷಯ ಬರೆದಿದ್ದೀಯ. ಎರಡು ತಿಂಗಳಿಂದ ಅವಳಿಗೆ ನಿದ್ದೆ ಸರಿಯಿಲ್ಲ, ತಿಂದದ್ದು ರುಚಿಸುವುದಿಲ್ಲ, ದಿನಾ ನೋಡುವ ರೋಗಿಗಳ ಹೆಸರೇ ಮರೆತುಹೋಗುತ್ತದೆ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ. ಯಾರಿಗಾದರೂ ತೋರಿಸಿಕೊಳ್ಳಲು ಭಯ. 'ತಾತ, ನೀನು ನಾಲ್ಕು ಜನರನ್ನ ನೋಡಿದವನು, ಅವಳ ಪರವಾಗಿ ಕೇಳ್ತಿದೀನಿ, ಅಮ್ಮನಿಗೆ ಮಾತ್ರ ಹೇಳ್ಬೇಡ' ಎಂದು ಬರೆದು ಕೆಳಗೆ ಅವಳ ಪ್ರಶ್ನೆಗಳನ್ನೆಲ್ಲ ಇಳಿಸಿದ್ದೀಯ. ಡಾಕ್ಟರ ಹತ್ತಿರ ಹೋದರೆ ಹುಚ್ಚಿ ಅನ್ನುತ್ತಾರಾ? ಮಾತ್ರೆ ಶುರು ಮಾಡಿದರೆ ಸಾಯುವ ತನಕ ಬಿಡಲಾಗುವುದಿಲ್ಲವಾ? ಕಾಲೇಜಿಗೆ ಗೊತ್ತಾದರೆ ಓದು ನಿಲ್ಲಿಸಿ ಮನೆಗೆ ಕಳಿಸುತ್ತಾರಾ? ಮನೆಯಲ್ಲಿ ಯಾವ ಕಷ್ಟವೂ ಇಲ್ಲದೆ ಹೀಗೇಕೆ? ಬೇರೆಯವರನ್ನು ನೋಡಿಕೊಳ್ಳಬೇಕಾದ ನರ್ಸೇ ಹೀಗಾದರೆ ಆ ಕೆಲಸಕ್ಕೆ ಅವಳು ಲಾಯಕ್ಕಾ?

ಮಗಳೇ, ಆ ಕಾಗದದ ಬಲ ಅಂಚಿನ ಉದ್ದಕ್ಕೂ ಉಗುರಿನಗಲದ ನೆರಿಗೆಗಳಿವೆ. ನೀನು ಐದಾರು ವರ್ಷದವಳಿದ್ದಾಗ ರಜೆಯಲ್ಲಿ ನನ್ನ ಬಸ್ಸಿಗೆ ಬಂದು ನನ್ನ ಸೀಟಿನ ಹಿಂದೆಯೇ ಕೂರುತ್ತಿದ್ದೆ, ನೆನಪಿದೆಯಾ? ಬಸ್ಸು ಜೋರಾಗಿ ತಿರುಗಿದರೆ ಹೆದರುತ್ತಿದ್ದೆ. ಆದರೆ ಹೆದರಿಕೆ ಎಂದು ಒಪ್ಪಿಕೊಳ್ಳುತ್ತಿರಲಿಲ್ಲ, ಕೈಯಲ್ಲಿದ್ದ ಟಿಕೆಟ್ಟನ್ನು ಸಣ್ಣಸಣ್ಣಗೆ ನೆರಿಗೆ ಹಿಡಿಯುತ್ತಿದ್ದೆ. ಇಳಿಯುವ ಹೊತ್ತಿಗೆ ಅದೊಂದು ಬೀಸಣಿಗೆ ಆಗಿರುತ್ತಿತ್ತು. ಅಂಥ ಬೀಸಣಿಗೆ ಎಷ್ಟೋ ನನ್ನ ಶರಟಿನ ಜೇಬಿನಲ್ಲಿ ಸಿಕ್ಕಿವೆ. ಆದ್ದರಿಂದ ಗೆಳತಿಯನ್ನು ಇಲ್ಲಿಗೇ ಇಳಿಸಿಬಿಡೋಣ. ಅವಳ ಮೇಲೆ ನನಗೇನೂ ಕೋಪವಿಲ್ಲ. ನಾನು ಮಾತಾಡಬೇಕಾದದ್ದು ನಿನ್ನ ಜೊತೆ.

ಪುಟದ ಕೊನೆಯಲ್ಲಿ ಒಂದು ಸಾಲು ಬರೆದು ಹೊಡೆದುಹಾಕಿದ್ದೀಯ. 'ಬೆಳಗ್ಗೆ ಏಳದೇ ಇದ್ರೆ ಚೆನ್ನಾಗಿತ್ತು ಅನ್ಸುತ್ತೆ.' ನಿನ್ನ ಅಜ್ಜಿಯ ಹೊಸ ಕಣ್ಣು ಅದನ್ನು ಓದಿತು. ಇದನ್ನು ನಾನು ಸುತ್ತಿ ಬಳಸದೆ ಕೇಳುತ್ತೇನೆ, ನೀನೂ ನೇರವಾಗಿ ಹೇಳು. ಸಾಯಬೇಕು ಎನ್ನುವ ಯೋಚನೆ ಬರುತ್ತಿದೆಯಾ? ಬರುತ್ತಿದ್ದರೆ ಅದರಿಂದ ನೀನು ಕೆಟ್ಟವಳಾಗುವುದಿಲ್ಲ, ನಾವು ಬೈಯುವುದೂ ಇಲ್ಲ. ಆದರೆ ಒಬ್ಬಳೇ ಇರಬೇಡ. ಈ ಕಾಗದ ಓದಿ ಮುಗಿಸುವುದಕ್ಕೂ ಕಾಯಬೇಡ. ವಾರ್ಡನ್ ಕೋಣೆಗೆ ಹೋಗಿ 'ನನಗೆ ಹೀಗಾಗ್ತಿದೆ, ನನ್ನ ಜೊತೆ ಯಾರಾದ್ರೂ ಇರ್ಬೇಕು' ಅನ್ನು. ಅಷ್ಟು ಮಾತು ಸಾಕು. ನೀವಿರುವ ಆಸ್ಪತ್ರೆಯಲ್ಲೇ ತುರ್ತು ವಿಭಾಗ ಇದೆ, ಕೈ ಮುರಿದುಕೊಂಡವರು ಹೋಗುವ ಬಾಗಿಲಲ್ಲೇ ಇದಕ್ಕೂ ಹೋಗಬಹುದು. ಆಮೇಲೆ ನಮಗೆ ಫೋನ್ ಮಾಡು. ಹೊತ್ತು ಗೊತ್ತು ನೋಡಬೇಡ.

ಈಗ ಉಳಿದ ಪ್ರಶ್ನೆಗಳು. ಅವಕ್ಕೆಲ್ಲ ಪುಸ್ತಕದ ಉತ್ತರ ನನಗೆ ಗೊತ್ತಿಲ್ಲ. ಆದರೆ ಮೂವತ್ತನಾಲ್ಕು ವರ್ಷದ ಹಿಂದೆ ನಾನೂ ಅವೇ ಪ್ರಶ್ನೆ ಹಿಡಿದುಕೊಂಡು ಒಬ್ಬರ ಮುಂದೆ ಕೂತಿದ್ದೆ. ನಮ್ಮ ಮನೆಯಲ್ಲಿ 'ತಾತನ ಬೆನ್ನುನೋವಿನ ವರ್ಷ' ಎಂದು ಒಂದು ವರ್ಷವಿದೆಯಲ್ಲ, ಸೋಫಾ ಕೊಂಡದ್ದು ಆ ವರ್ಷ, ನಿನ್ನ ಅಮ್ಮ ಸೈಕಲ್ ಕಲಿತದ್ದು ಆ ವರ್ಷ ಎಂದೆಲ್ಲ ಲೆಕ್ಕ ಹಿಡಿಯುತ್ತೇವಲ್ಲ, ಆ ವರ್ಷದ ಕಥೆ ಇದು. ನನ್ನ ಬೆನ್ನಿಗೆ ಅವತ್ತೂ ಏನೂ ಆಗಿರಲಿಲ್ಲ, ಇವತ್ತೂ ಏನೂ ಆಗಿಲ್ಲ.

ಆಗ ನನಗೆ ಮೂವತ್ತೊಂಬತ್ತು. ಹನ್ನೆರಡನೇ ನಂಬರಿನ ಬಸ್ಸು, ರೈಲು ನಿಲ್ದಾಣದಿಂದ ಗಾಜಿನ ಕಾರ್ಖಾನೆ ತನಕ. ಒಂಬತ್ತು ವರ್ಷದಿಂದ ಅದೇ ದಾರಿ. ಯಾವ ನಿಲ್ದಾಣದಲ್ಲಿ ಯಾರು ಹತ್ತುತ್ತಾರೆ, ಯಾರು ಓಡಿಬರುತ್ತಾರೆ ಎಂದು ನನಗೆ ಬಾಯಿಪಾಠ. ದಂತವೈದ್ಯರ ಬೋರ್ಡಿನ ಕೆಳಗೆ ಒಬ್ಬ ಟೀಚರಮ್ಮ ಬ್ರೆಡ್ಡು ತಿನ್ನುತ್ತಲೇ ಬಂದು ಹತ್ತುತ್ತಿದ್ದರು, ಅವರು ಕೊನೆಯ ತುಂಡು ಬಾಯಿಗಿಡುವ ತನಕ ನಾನು ಬ್ರೇಕಿನ ಮೇಲಿಂದ ಕಾಲು ತೆಗೆಯುತ್ತಿರಲಿಲ್ಲ. ನನ್ನ ಜೊತೆಗಿದ್ದ ಕಂಡಕ್ಟರನನ್ನು ಎಲ್ಲರೂ ಸೀಟಿ ಎಂದೇ ಕರೆಯುತ್ತಿದ್ದರು. ಇಲಾಖೆ ಕೊಟ್ಟ ಸೀಟಿಯನ್ನು ಅವನು ಯಾವತ್ತೂ ಊದಿದವನಲ್ಲ, ಎರಡು ಬೆರಳು ಬಾಯಿಗಿಟ್ಟರೆ ಮೂರು ಬೀದಿಗೆ ಕೇಳುತ್ತಿತ್ತು. ಆ ದಿನಗಳನ್ನು ನೆನೆದರೆ ಇವತ್ತಿಗೂ ನನಗೆ ಡೀಸೆಲ್ಲಿನ ವಾಸನೆ ಬರುತ್ತದೆ, ಮುಂಜಾನೆ ಡಿಪೋದಲ್ಲಿ ಎಂಜಿನುಗಳು ಒಂದೊಂದಾಗಿ ಕೆಮ್ಮಿಕೊಂಡು ಏಳುವುದು ಕೇಳಿಸುತ್ತದೆ. ನನಗೆ ನನ್ನ ಕೆಲಸ ಇಷ್ಟವಾಗಿತ್ತು. ಮನೆಯಲ್ಲಿ ಎಲ್ಲ ಸರಿಯಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ 'ಕಷ್ಟ ಇಲ್ಲದೆ ಹೀಗೇಕೆ' ಎಂದು ಕೇಳಿದ್ದೀಯಲ್ಲ, ನನಗೂ ಕಷ್ಟ ಇರಲಿಲ್ಲ.

ಒಂದು ಸೋಮವಾರ ಬೆಳಗ್ಗೆ ಒಂಬತ್ತೂಕಾಲಿಗೆ, ನದಿಯ ಮೇಲಿನ ಸೇತುವೆಯ ನಡುಮಧ್ಯೆ, ನನ್ನ ಅಂಗೈ ಬೆವತು ಸ್ಟೇರಿಂಗು ಜಾರತೊಡಗಿತು. ಎದೆ ಹೊಡೆದುಕೊಳ್ಳುವುದು ಕಿವಿಯಲ್ಲಿ ಕೇಳುತ್ತಿತ್ತು. ಎಷ್ಟು ಎಳೆದುಕೊಂಡರೂ ಉಸಿರು ಸಾಲದು. ಸತ್ತೇಹೋಗುತ್ತೇನೆ, ಜೊತೆಗೆ ಇವರನ್ನೂ ಕೊಲ್ಲುತ್ತೇನೆ ಅನ್ನಿಸಿತು. ಬಸ್ಸನ್ನು ಎಡಕ್ಕೆ ತಂದು ನಿಲ್ಲಿಸಿ ಕೈಬ್ರೇಕು ಎಳೆದು ಎಂಜಿನ್ ಆರಿಸಿದೆ. ಆಮೇಲೆ ಕೈ ಸ್ಟೇರಿಂಗಿನಿಂದ ಬಿಡಲಿಲ್ಲ, ಬಿಡಲು ಆಗಲಿಲ್ಲ. ಹಿಂದೆ ನಲವತ್ತು ಜನ. ಹೊರಗೆ ಹಾರ್ನುಗಳು. ಸೀಟಿ ಮುಂದೆ ಬಂದು ನನ್ನ ಮುಖ ನೋಡಿದ. ಒಂದು ಮಾತೂ ಕೇಳದೆ ತಿರುಗಿ ನಿಂತು, 'ಎಂಜಿನ್ ಬಿಸಿಯಾಗಿದೆ, ಎಲ್ರೂ ನಿಧಾನವಾಗಿ ಇಳೀರಿ, ಹಿಂದಿನ ಬಸ್ಸು ಬರ್ತಿದೆ' ಎಂದ. ಎಲ್ಲರನ್ನೂ ಇಳಿಸಿ ಹತ್ತಿಸಿ ಮುಗಿಸಿ ಬಂದು ಎಂಜಿನ್ನಿನ ಮುಚ್ಚಳದ ಮೇಲೆ ಕೂತ. 'ಅಣ್ಣಾ, ಸುಮ್ನೆ ಕೂತ್ಕೋ. ನಮಗೇನೂ ಅವಸರ ಇಲ್ಲ' ಎಂದ. ಅರ್ಧ ಗಂಟೆ ಹಾಗೇ ಕೂತೆವು. ಅವನು ಹೋಗಿ ಆರು ವರ್ಷವಾಯಿತು. ಅವತ್ತು ಅವನು ಹೇಳಿದ ಸುಳ್ಳಿಗೆ ನಾನು ಒಮ್ಮೆಯೂ ಸರಿಯಾಗಿ ಕೃತಜ್ಞತೆ ಹೇಳಲಿಲ್ಲ.

ಹೃದಯದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ 'ನಿಮ್ಮ ಹೃದಯ ನನ್ನದಕ್ಕಿಂತ ಚೆನ್ನಾಗಿದೆ' ಎಂದರು. ಮನೋವೈದ್ಯರಿಗೆ ತೋರಿಸಿ ಎಂದು ಒಂದು ಚೀಟಿ ಬರೆದುಕೊಟ್ಟರು. ಅದನ್ನು ಹೊರಗೆ ಬಂದು ಹರಿದುಹಾಕಿದೆ. ನನಗೇನು ಹುಚ್ಚೇ? ಮುಂದಿನ ವಾರ ಮತ್ತೆ ಎರಡು ಸಲ ಹಾಗೇ ಆಯಿತು, ಒಂದು ಸಲ ಬಸ್ಸು ಹತ್ತುವ ಮೊದಲೇ. ಡಿಪೋದಲ್ಲಿ ಬೆನ್ನುನೋವು ಎಂದು ಹೇಳಿ ರಜೆ ಹಾಕಿದೆ. ಮನೆಯಲ್ಲಿ ಅದನ್ನೂ ಹೇಳಲಿಲ್ಲ. ದಿನಾ ಬೆಳಗ್ಗೆ ಯೂನಿಫಾರ್ಮು ಹಾಕಿ, ಊಟದ ಡಬ್ಬಿ ಹಿಡಿದು ಹೊರಟು ಗ್ರಂಥಾಲಯದಲ್ಲಿ ಹೋಗಿ ಕೂರುತ್ತಿದ್ದೆ. ಪೇಪರು ಬಿಡಿಸಿಟ್ಟುಕೊಂಡರೆ ಒಂದೇ ಪುಟದಲ್ಲಿ ಮಧ್ಯಾಹ್ನವಾಗುತ್ತಿತ್ತು. ಅಲ್ಲಿನ ಗುಮಾಸ್ತ ನನ್ನನ್ನು ಯಾವುದೋ ಪರೀಕ್ಷೆಗೆ ಓದುತ್ತಿರುವವನು ಅಂದುಕೊಂಡಿದ್ದ.

ಮೂರು ವಾರ ಕಳೆದ ಮೇಲೆ ಒಂದು ಸಂಜೆ ನಿನ್ನ ಅಜ್ಜಿ ನನ್ನ ಶರಟು ಹಿಡಿದುಕೊಂಡು ಬಂದು ಮುಂದೆ ನಿಂತಳು. 'ಹದಿನೈದು ವರ್ಷದಿಂದ ನಿಮ್ಮ ಕಾಲರ್ ಉಜ್ಜಿ ಉಜ್ಜಿ ನನ್ನ ಕೈ ಸವೆದಿದೆ. ಮೂರು ವಾರದಿಂದ ಇದರಲ್ಲಿ ಕೊಳೆಯೂ ಇಲ್ಲ, ಡೀಸೆಲ್ ವಾಸನೆಯೂ ಇಲ್ಲ. ಎಲ್ಲಿಗೆ ಹೋಗ್ತಿದೀರಾ?' ಎಂದಳು. ಬೇರೆ ಯಾವಳೋ ಇದ್ದಾಳೆ ಎಂದೇ ಅವಳ ಗುಮಾನಿ, ಈಗ ಕೇಳಿದರೆ ಇಲ್ಲವೆನ್ನುತ್ತಾಳೆ. ನಾನು ಹೇಳಲು ಬಾಯಿ ತೆರೆದೆ, ಅಳು ಬಂದುಬಿಟ್ಟಿತು. ನನ್ನ ಅಪ್ಪ ಹೋದಾಗಲೂ ಅತ್ತವನಲ್ಲ ನಾನು. ಅವಳು ಶರಟನ್ನು ಕುರ್ಚಿಯ ಮೇಲೆ ಹಾಕಿ ಪಕ್ಕದಲ್ಲಿ ಕೂತಳು. ಎಲ್ಲ ಕೇಳಿಸಿಕೊಂಡ ಮೇಲೆ, 'ನನಗಿದು ಅರ್ಥ ಆಗಲ್ಲ, ಅರ್ಥ ಆಗೋವ್ರ ಹತ್ರ ಹೋಗೋಣ' ಎಂದಳು ಅಷ್ಟೆ. ನಾನು ಹುಚ್ಚ ಅಂತಾರಾ, ಕೆಲಸ ಹೋಗುತ್ತಾ, ಮಾತ್ರೆಗೆ ಅಂಟಿಕೊಂಡುಬಿಡ್ತೀನಾ ಎಂದು ಒಂದೇ ಸಮನೆ ಕೇಳತೊಡಗಿದೆ. 'ನನ್ನನ್ಯಾಕೆ ಕೇಳ್ತೀರಿ, ಬರ್ಕೊಳ್ಳಿ' ಎಂದು ಹಳೇ ಡ್ಯೂಟಿ ಹಾಳೆಯೊಂದನ್ನು ತಿರುಗಿಸಿ ಕೊಟ್ಟಳು.

ಮನೋವೈದ್ಯರು ಕುಳ್ಳಗಿನ ಹೆಂಗಸು, ನಿವೃತ್ತಿಗೆ ಹತ್ತಿರವಿದ್ದವರು. ಕಬ್ಬಿಣದ ಬೀರು, ಮೂರು ಕುರ್ಚಿ, ಕಿಟಕಿಯಾಚೆ ಸೈಕಲ್ ಸ್ಟ್ಯಾಂಡು. ಸರಪಳಿ, ಕಂಬಿ, ಏನೇನೋ ಕಲ್ಪಿಸಿಕೊಂಡು ಹೋಗಿದ್ದ ನನಗೆ ಆ ಸೈಕಲ್ ಸ್ಟ್ಯಾಂಡು ನೋಡಿ ಅರ್ಧ ಭಯ ಇಳಿಯಿತು. ಏನು ಹೇಳಬೇಕೋ ತಿಳಿಯದೆ ಹಾಳೆಯನ್ನೇ ಅವರ ಕೈಗೆ ಕೊಟ್ಟೆ. ಅವರು ಪೆನ್ಸಿಲ್ ಹಿಡಿದು ಒಂದೊಂದನ್ನೇ ಓದಿದರು. 'ಹುಚ್ಚು ಅನ್ನೋ ಕಾಯಿಲೆ ನಮ್ಮಲ್ಲಿಲ್ಲ. ನಿಮಗೆ ಬರ್ತಿರೋದು ವಿಪರೀತ ಗಾಬರಿ. ಬೇಕಾದಷ್ಟು ಜನರಿಗೆ ಬರುತ್ತೆ, ವಾಸಿಯಾಗುತ್ತೆ' ಎಂದರು. ಯಾಕೆ ಬಂತು ಎಂದು ಕೇಳಿದೆ. 'ಒಂದೊಂದ್ಸಲ ಕಾರಣ ಸಿಗುತ್ತೆ, ಒಂದೊಂದ್ಸಲ ಸಿಗಲ್ಲ. ಸಿಗದಿದ್ರೂ ಚಿಕಿತ್ಸೆ ಕೊಡಬಹುದು' ಎಂದರು. ನಾನು ಗಟ್ಟಿಯಾಗಿದ್ದಿದ್ದರೆ ಇದು ಬರುತ್ತಿರಲಿಲ್ಲ ಅಲ್ಲವೇ ಎಂದದ್ದಕ್ಕೆ, ಉಸಿರು ಸಿಗದೇ ಇರುವಾಗಲೂ ನಲವತ್ತು ಜನರ ಬಸ್ಸನ್ನು ಎಡಕ್ಕೆ ತಂದು ಬ್ರೇಕು ಹಾಕಿದ್ದು ಯಾರು ಎಂದು ನನ್ನನ್ನೇ ಕೇಳಿದರು.

ಡಿಪೋಗೆ ಹೇಳುತ್ತೀರಾ ಎಂದು ಕೇಳಿದೆ. 'ಇಲ್ಲಿ ಆಡಿದ್ದು ನಿಮ್ಮನ್ನ ಕೇಳದೆ ಹೊರಗೆ ಹೋಗಲ್ಲ. ಯಾರದಾದ್ರೂ ಪ್ರಾಣಕ್ಕೆ ಅಪಾಯ ಅನ್ಸಿದ್ರೆ ಮಾತ್ರ ಬೇರೆಯವರನ್ನ ಸೇರಿಸ್ಕೋಬೇಕಾಗುತ್ತೆ, ಅದನ್ನೂ ನಿಮಗೆ ಹೇಳೇ ಮಾಡ್ತೀನಿ' ಎಂದರು. ಆದರೆ ವಾಸಿಯಾಗುವ ತನಕ ಬಸ್ಸು ಮುಟ್ಟಕೂಡದು, ಕಾಲು ಮುರಿದಿದ್ದರೂ ಇದನ್ನೇ ಹೇಳುತ್ತಿದ್ದೆ ಎಂದು ಖಡಕ್ಕಾಗಿಯೇ ಅಂದರು. ಕೆಲಸ ಹೋಗಲಿಲ್ಲ ಮಗಳೇ. ಡಿಪೋ ಮ್ಯಾನೇಜರಿಗೆ ನಾನೇ ಹೋಗಿ ಹೇಳಿದೆ. ಅವರು ಟೈರು ಎಣಿಸುವ ಶೆಡ್ಡಿಗೆ ಹಾಕಿದರು, ಎಂಟು ತಿಂಗಳು ಟೈರು ಎಣಿಸಿದೆ. ಇಬ್ಬರು ಮೂವರು ಹಿಂದಿನಿಂದ ತಲೆಯ ಪಕ್ಕ ಬೆರಳು ತಿರುಗಿಸಿ ತೋರಿಸುತ್ತಿದ್ದದ್ದು ನಿಜ. ನಿನಗೂ ಅಂಥವರು ಸಿಗಬಹುದು, ಇಲ್ಲವೆಂದು ಸುಳ್ಳು ಹೇಳುವುದಿಲ್ಲ. ಆದರೆ ಅದೇ ಡಿಪೋದಲ್ಲಿ ಮುಂದಿನ ವರ್ಷಗಳಲ್ಲಿ ಒಬ್ಬೊಬ್ಬರೇ ನನ್ನನ್ನು ಟೀ ಅಂಗಡಿಯ ಹಿಂದೆ ಕರೆದು 'ನನ್ನ ಭಾವಮೈದುನನಿಗೆ ಹಿಂಗಾಗ್ತಿದೆ, ನೀನು ಎಲ್ಲಿಗೆ ಹೋಗ್ತಿದ್ದೆ?' ಎಂದು ಕೇಳಿದ್ದಾರೆ. ಬೆರಳು ತಿರುಗಿಸಿದವರಲ್ಲೂ ಒಬ್ಬ ಬಂದ. ಊರಿನ ಭಾವಮೈದುನರಿಗೆಲ್ಲ ಒಟ್ಟಿಗೆ ಏನೋ ಆಗಿದೆ ಎಂದು ನಾನೂ ನಿನ್ನ ಅಜ್ಜಿಯೂ ನಗುತ್ತಿದ್ದೆವು.

ಮಾತ್ರೆಯ ವಿಷಯ. ಮೊದಲ ವಾರ ಹೊಟ್ಟೆ ತೊಳೆಸಿತು, ಬಾಯಿ ಒಣಗಿತು. ಮೂರು ವಾರ ಏನೂ ಗೊತ್ತಾಗಲಿಲ್ಲ, ಇದೆಲ್ಲ ದಂಡ ಅಂದುಕೊಂಡೆ. ಆರನೇ ವಾರವೋ ಏನೋ, ರೇಡಿಯೋದಲ್ಲಿ ಯಾರೋ ಏನೋ ಹೇಳಿದ್ದಕ್ಕೆ ಜೋರಾಗಿ ನಕ್ಕೆ. ನಿನ್ನ ಅಜ್ಜಿ ಅಡುಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತು ನೋಡಿದಳು. ಅವಳ ಕೈಯಲ್ಲಿದ್ದ ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಆಮೇಲೆ ನಾನೊಂದು ದಡ್ಡತನ ಮಾಡಿದೆ. ವಾಸಿಯಾಯಿತಲ್ಲ ಎಂದು ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿದೆ, ಹತ್ತೇ ದಿನಕ್ಕೆ ತಲೆ ಸುತ್ತಿ ಗಾಬರಿ ವಾಪಸ್ಸು ಬಂತು. ಡಾಕ್ಟರು ಬೈಯಲಿಲ್ಲ. 'ನಿಲ್ಲಿಸೋದಕ್ಕೂ ಒಂದು ಕ್ರಮ ಇದೆ, ನನ್ನನ್ನ ಕೇಳಿ ನಿಲ್ಸಿ' ಎಂದರು. ಒಂದು ವರ್ಷವಾದ ಮೇಲೆ ಸ್ವಲ್ಪಸ್ವಲ್ಪವೇ ಇಳಿಸಿ ಬಿಡಿಸಿದರು. ಕೆಲವರು ಇನ್ನೂ ಹೆಚ್ಚು ಕಾಲ ತೆಗೆದುಕೊಳ್ಳಬೇಕಾಗುತ್ತದಂತೆ, ಕೆಲವರಿಗೆ ಮಾತ್ರೆಯೇ ಬೇಡವಂತೆ. ನಿನಗೆ ಏನು ಬೇಕು ಎಂದು ನಾನು ಹೇಳಲಾರೆ, ನಿನ್ನನ್ನು ನೋಡಿದವರು ಹೇಳಬೇಕು.

ಮಾತಾಡುವುದಕ್ಕೆಂದು ಇನ್ನೊಬ್ಬರ ಹತ್ತಿರ ಕಳಿಸಿದ್ದರು. ಮೊದಲನೆಯವರು ನನಗೆ ಹಿಡಿಸಲಿಲ್ಲ, ನಾನು ಬಾಯಿ ತೆರೆಯುವ ಮೊದಲೇ ಉಪದೇಶ ಶುರು. ಅದನ್ನು ಡಾಕ್ಟರಿಗೆ ಹೇಳಿದರೆ ಏನು ತಿಳಿದುಕೊಳ್ಳುತ್ತಾರೋ ಎಂದು ಒಂದು ತಿಂಗಳು ಸುಮ್ಮನಿದ್ದೆ. ಹೇಳಿದಾಗ, 'ಶೂ ಕಚ್ಚಿದ್ರೆ ಬದಲಾಯಿಸಲ್ವಾ?' ಎಂದು ಬೇರೊಬ್ಬರ ಹತ್ತಿರ ಕಳಿಸಿದರು. ಆ ಎರಡನೆಯವರಿಗೆ ನಾನು ಮೌನಿ ಎಂದು ಹೆಸರಿಟ್ಟಿದ್ದೆ. ನಾನು ನಾಲ್ಕು ವಾರ ಬರೀ ಬ್ರೇಕು, ಕ್ಲಚ್ಚು ಎಂದೇ ಮಾತಾಡಿದರೂ ಅವರು ಕೇಳುತ್ತಲೇ ಕೂತರು. ಐದನೇ ವಾರ ನಾನು ನನ್ನ ಅಪ್ಪನ ವಿಷಯ ಮಾತಾಡಿದೆ. ಹೇಗೆ ಶುರುವಾಯಿತೋ ನನಗೇ ತಿಳಿಯದು.

ಆಮೇಲೆ ಸೇತುವೆ, ಮೌನಿಯವರು ಹೇಳಿದಂತೆ ಸ್ವಲ್ಪಸ್ವಲ್ಪವಾಗಿ. ಮೊದಲ ಭಾನುವಾರ ನಿನ್ನ ಅಜ್ಜಿಯ ಜೊತೆ ನಡೆದುಕೊಂಡು ಮೂರನೇ ದೀಪದ ಕಂಬದ ತನಕ ಹೋಗಿ ವಾಪಸ್ಸು ಬಂದೆ. ಮುಂದಿನ ವಾರ ನಡುಮಧ್ಯದ ತನಕ. ಮೂರನೇ ವಾರ ಗಾಬರಿ ಬಂತು, ಓಡದೆ ಕಂಬಿ ಹಿಡಿದು ನಿಂತೆ, ಅದು ಏರಿತು, ಇಳಿಯಿತು. ನಿನ್ನ ಅಜ್ಜಿ ಆ ಹೊತ್ತಿನಲ್ಲಿ ಪಕ್ಕದ ಮನೆಯವರ ಪರದೆಯ ಬಣ್ಣದ ಬಗ್ಗೆ ಮಾತಾಡುತ್ತಿದ್ದಳು. ಬಳಿಕ ಸೀಟಿಯ ಬಸ್ಸಿನಲ್ಲಿ ಪ್ರಯಾಣಿಕನಾಗಿ ದಾಟಿದೆ. ಡಿಪೋದೊಳಗೆ ಖಾಲಿ ಬಸ್ಸು ಓಡಿಸಿದೆ. ಡಾಕ್ಟರು ಸರಿ ಎಂದು ಬರೆದುಕೊಟ್ಟ ಮೇಲೆ, ಒಂದು ಬುಧವಾರ, ಬೆಳಗ್ಗೆ ಒಂಬತ್ತೂಕಾಲಿಗೆ ಹನ್ನೆರಡನೇ ನಂಬರನ್ನು ಸೇತುವೆ ದಾಟಿಸಿದೆ. ಅವತ್ತು ಏನೂ ಆಗಲಿಲ್ಲ. ಜನ ಪೇಪರು ಓದುತ್ತಿದ್ದರು, ಟೀಚರಮ್ಮ ಬ್ರೆಡ್ಡಿನ ಪುಡಿ ಒರೆಸಿಕೊಳ್ಳುತ್ತಿದ್ದರು. ಅದಾದ ಮೇಲೆ ಇಪ್ಪತ್ತು ವರ್ಷ ಬಸ್ಸು ಓಡಿಸಿದೆ ಮಗಳೇ, ನೀನೂ ಅದರಲ್ಲಿ ಕೂತಿದ್ದೀಯ. ನರ್ಸ್ ಆಗಲು ನೀನು ಲಾಯಕ್ಕಾ ಎಂದು ಕೇಳಿದ್ದೀಯಲ್ಲ, ಅದಕ್ಕೆ ಇದಕ್ಕಿಂತ ಬೇರೆ ಉತ್ತರ ನನ್ನ ಹತ್ತಿರ ಇಲ್ಲ.

ಒಂದೇ ಒಂದು ವಿಷಯಕ್ಕೆ ನನಗೆ ಇವತ್ತಿಗೂ ನಾಚಿಕೆ. ನಿನ್ನ ಅಮ್ಮನಿಗೆ ಆಗ ಹನ್ನೊಂದು ವರ್ಷ. ಅವಳಿಗೆ ಬೆನ್ನುನೋವು ಎಂದೇ ಹೇಳಿದ್ದೆವು. ದಿನಾ ಶಾಲೆಯಿಂದ ಬಂದವಳೇ ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ, ಟವೆಲು ಸುತ್ತಿ ತಂದು ನನ್ನ ಬೆನ್ನಿಗೆ ಇಡುತ್ತಿದ್ದಳು. 'ಇಲ್ಲಾ ಅಪ್ಪಾ? ಇನ್ನೂ ಕೆಳಗಾ?' ನಾನು ಬೋರಲು ಮಲಗಿ 'ಹಾಂ, ಅಲ್ಲೇ' ಎನ್ನುತ್ತಿದ್ದೆ. ಅಷ್ಟು ಅಕ್ಕರೆಯನ್ನು ನೋವಿಲ್ಲದ ಜಾಗಕ್ಕೆ ಇಡಿಸಿಕೊಂಡೆ. ಹೇಳಿದ್ದರೆ ಆ ಮಗು ಹೆದರುತ್ತಿತ್ತೇನೋ, ಇಲ್ಲವೇನೋ. ಆದರೆ ನಮ್ಮ ಮನೆಯಲ್ಲಿ ಇಂಥ ಮಾತು ಆಡಬಹುದು ಎಂದಾದರೂ ಅವಳಿಗೆ ತಿಳಿದಿರುತ್ತಿತ್ತು. ನೀನು ಒಬ್ಬ ಗೆಳತಿಯನ್ನು ಹುಟ್ಟಿಸಿಕೊಂಡು ನನ್ನ ಹತ್ತಿರ ಬರಬೇಕಾಗಿರಲಿಲ್ಲ.

ನಾಳೆ ಸೋಮವಾರ ಮಧ್ಯಾಹ್ನದ ಬಸ್ಸಿಗೆ ನಾನು ಅಲ್ಲಿಗೆ ಬರುತ್ತೇನೆ. ಬೇಡ ಅನ್ನಬೇಡ, ಟಿಕೆಟ್ ಆಗಿದೆ. ನಿಮ್ಮ ಆಸ್ಪತ್ರೆಯಲ್ಲಿ ಗುರುತಿನವರು ಕಾಣುತ್ತಾರೆ ಅನ್ನಿಸಿದರೆ ಊರಿನಲ್ಲಿ ಬೇರೆ ಕಡೆ ಹೋಗೋಣ. ಏನು ಹೇಳಬೇಕೋ ತೋಚದಿದ್ದರೆ ನನಗೆ ಬರೆದ ಹಾಳೆಯನ್ನೇ ಕೊಡು, ನಾನು ತರುತ್ತೇನೆ, ಅದರಲ್ಲಿ ಎಲ್ಲವೂ ಇದೆ. ನಿನ್ನ ಅಜ್ಜಿ ಎರಡು ಜೊತೆ ಉಣ್ಣೆಯ ಕಾಲುಚೀಲ ಕಳಿಸುತ್ತಿದ್ದಾಳೆ, ಮೂರನೆಯದು ಅವಳ ಹೆಣಿಗೆಯ ಕಡ್ಡಿಯಲ್ಲಿದೆ.

ನಿನ್ನ ನೆತ್ತಿಯ ಮೇಲೆ ಕೈಯಿಟ್ಟು, ನೂರು ಕಾಲ ಬಾಳು ಎಂದು ಇಬ್ಬರೂ ಹರಸುತ್ತಾ,

ನಿನ್ನ
ಡ್ರೈವರ್ ತಾತ

ಮತ್ತೊಂದು ಮಾತು, ಅವಸರದಲ್ಲಿ ಬರೆಯುತ್ತಿದ್ದೇನೆ, ಹತ್ತೂವರೆ ಆಯಿತು. ಕಾಗದ ಮುಗಿಸಿದ ಮೇಲೆ ಕೂತಲ್ಲಿ ಕೂರಲಾಗದೆ ನಿನ್ನ ಅಮ್ಮನಿಗೆ ಫೋನ್ ಮಾಡಿದೆ. ನಿನ್ನ ವಿಷಯ ಒಂದಕ್ಷರವೂ ಹೇಳಿಲ್ಲ, ನೀನು ಬೇಡ ಅಂದಿದ್ದೀಯ. ನನ್ನ ಕಥೆ ಮಾತ್ರ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, 'ಅಪ್ಪಾ, ಆಸ್ಪತ್ರೆಗೆ ನಿನ್ನ ಜೊತೆ ಯಾರು ಹೋಗ್ತಿದ್ರು?' ಎಂದು ಕೇಳಿದಳು. 'ನಿನ್ನ ಅಮ್ಮ' ಎಂದೆ, ಅಂದರೆ ನಿನ್ನ ಅಜ್ಜಿ. 'ಪಿಟೀಲು ಹುಟ್ಟಿದ ವರ್ಷ ನಾನೂ ಹೋಗ್ತಿದ್ದೆ. ಏಳು ತಿಂಗಳು. ಹಲ್ಲಿನ ಡಾಕ್ಟರು ಅಂತ ಹೇಳಿ ಹೋಗ್ತಿದ್ದೆ. ನನ್ನ ಜೊತೆ ಯಾರೂ ಬರ್ತಿರ್ಲಿಲ್ಲ' ಎಂದಳು. ಅದು ನಿನ್ನಿಂದಾದದ್ದಲ್ಲ, ಎಷ್ಟೋ ತಾಯಂದಿರಿಗೆ ಆಗುತ್ತದೆ ಎಂದು ಓದುವವಳು ನೀನು, ನಿನಗೇ ಗೊತ್ತು. ಇವತ್ತೇ ಯಾಕೆ ಇದನ್ನೆಲ್ಲ ಹೇಳುತ್ತಿದ್ದೀಯ ಎಂದು ಅವಳು ನನ್ನನ್ನು ಕೇಳಲಿಲ್ಲ. ಕೇಳದೇ ಇದ್ದದ್ದರಿಂದಲೇ, ಅವಳು ಊಹಿಸಿಬಿಟ್ಟಿದ್ದಾಳೆ ಎಂದು ನನಗೆ ಅನುಮಾನ. ಅವಳ ಜೊತೆ ನೀನೇ ಮಾತಾಡು ಮಗಳೇ. ಇವತ್ತು ಅವಳು ಎಲ್ಲಿಗೂ ಹೋಗುವುದಿಲ್ಲವಂತೆ, ಮನೆಯಲ್ಲೇ ಇರುತ್ತಾಳೆ.